ಎರ್ಮೆಕ್‌ನ ಅತ್ತೆಯ ಸಾವುಗಳು

ಪೆಟ್ರೋಲಿನ ವಾಸನೆಯ ಜೊತೆ ಹಸಿ ಮಾಚಿಪತ್ರೆಯ ವಾಸನೆ ಸೇರಿದರೆ ನನಗೆ ಇಂದಿಗೂ ಅಪ್ಪನ ಲಾರಿಯೇ ನೆನಪಾಗುತ್ತದೆ. ಸಾಮೂಹಿಕ ಬೇಸಾಯದ ಕಾಲದ ಹಳೆಯ ಲಾರಿ. ಕ್ಯಾಬಿನ್ನಿನಲ್ಲಿ ಅಪ್ಪನ ಪಕ್ಕ ನಾನು, ಕಿಟಕಿಯ ಕಡೆ ಅಕ್ಕ ಅನಾರ್ಕುಲ್. ಎರಡು ತಿರುವು ದಾಟುವಷ್ಟರಲ್ಲಿ ನನಗೆ ಹೊಟ್ಟೆ ತೊಳಸುತ್ತಿತ್ತು. ಅಕ್ಕ ಲಾರಿ ಹತ್ತುವ ಮೊದಲೇ ರಸ್ತೆ ಬದಿಯ ಮಾಚಿಪತ್ರೆ ಕಿತ್ತು ಜೇಬಿಗೆ ತುರುಕಿಕೊಂಡಿರುತ್ತಿದ್ದಳು. ನನ್ನ ಮುಖ ಬಿಳುಚಿಕೊಂಡದ್ದು ಕಂಡರೆ ಸಾಕು, ಎಲೆಯನ್ನು ಅಂಗೈಯಲ್ಲಿ ಉಜ್ಜಿ, ಅಪ್ಪನಿಗೆ ಕಾಣದ ಹಾಗೆ ನನ್ನ ಮೂಗಿಗೆ ಹಿಡಿಯುತ್ತಿದ್ದಳು. ಅಪ್ಪನಿಗೆ ಗೊತ್ತಾದರೆ ಇನ್ನೊಮ್ಮೆ ಕರೆದುಕೊಂಡು ಹೋಗುವುದಿಲ್ಲ ಎನ್ನುವ ಭಯ ಇಬ್ಬರಿಗೂ ಇತ್ತು.

ಆ ಅಕ್ಕ ಕಳೆದ ಜುಲೈಯಲ್ಲಿ, ಜರ್ದಾಳು ಹಣ್ಣಾಗುವ ಹೊತ್ತಿನಲ್ಲಿ ತೀರಿಕೊಂಡಳು. ಸುದ್ದಿ ಬಂದದ್ದು ಸಂಜೆ. ಅವಳ ಮಗಳು ಜಿಪಾರ್ ಫೋನ್ ಮಾಡಿದ್ದಳು.

"ಚಿಕ್ಕಮ್ಮಾ, ನಾಳೆ ಮಧ್ಯಾಹ್ನದ ನಮಾಜ್ ಆಗ್ತಿದ್ದ ಹಾಗೆ ಎತ್ತುತಾರಂತೆ. ಸೆಕೆ ಜಾಸ್ತಿ, ತಡ ಬೇಡ ಅಂತಿದಾರೆ ಮುಲ್ಲಾ. ತವರಿನವರು ಬಂದು ಮುಖ ನೋಡೋವರೆಗೂ ಮುಟ್ಟಬೇಡಿ ಅಂತ ನಾನು ಹೇಳಿದೀನಿ. ಆದ್ರೆ ನಮಾಜ್ ಆದ್ಮೇಲೆ ನನ್ನ ಮಾತು ನಡೆಯಲ್ಲ."

ನಮ್ಮ ಕಿರ್ಗಿಜ್ ಜನರಲ್ಲಿ ಹೆಣ್ಣು ಸತ್ತರೆ ತವರಿನವರಿಗಾಗಿ ಕಾಯುತ್ತಾರೆ. ಆದರೆ ಅಕ್ಕನ ತವರು ಎಂದರೆ ಈಗ ನಾನೊಬ್ಬಳೇ. ಅಣ್ಣಂದಿರು ಮೊದಲೇ ಹೋದರು. ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿಯೂ ನಮ್ಮಲ್ಲಿಲ್ಲ. ಹೆಣ ಇಡಲು ಅಂಗಳದಲ್ಲಿ ಹಾಕಿದ ಉಣ್ಣೆಯ ಡೇರೆಯಿಂದ ಅವಳನ್ನು ಎತ್ತಿಕೊಂಡು ಹೋದ ಮೇಲೆ ನಾನು ತಲುಪಿದರೆ, ನೋಡಲು ಸಿಗುವುದು ಅವಳು ಮಲಗಿದ್ದ ಜಾಗ ಮಾತ್ರ.

ಆ ರಾತ್ರಿ ಯಾವ ಗಾಡಿಯೂ ಸಿಗಲಿಲ್ಲ. ಬೆಳಿಗ್ಗೆ ಪಕ್ಕದ ಮನೆಯ ಎರ್ಮೆಕ್ ತಾನಾಗಿಯೇ ಬಂದು ಬಾಗಿಲು ತಟ್ಟಿದ. ಬಾಡಿಗೆ ಕಾರು ಓಡಿಸುವವನು, ನಮ್ಮ ಸರೋವರದ ದಂಡೆಯ ರಸ್ತೆಯಲ್ಲಿ ದಿನಾ ಅಕ್ಕನ ಹಳ್ಳಿ ಇರುವ ಆಚೆ ತುದಿಯವರೆಗೆ ಹೋಗಿ ಬರುವವನು. ಮುಂದಿನ ಸೀಟಿನಲ್ಲಿ ಅವನ ಹೆಂಡತಿ ಆಗಲೇ ಒಂದು ದಿಂಬು ಇಟ್ಟಿದ್ದಳು. ನನ್ನ ಸೊಂಟದ ನೋವು ಅವಳಿಗೆ ಹೇಗೆ ಗೊತ್ತಾಯಿತೋ.

"ಕೂತ್ಕೊಳಿ ಟೀಚರಮ್ಮ. ನಮಾಜಿಗಿಂತ ಮುಂಚೆ ನಿಮ್ಮನ್ನ ಅಲ್ಲಿಳಿಸ್ಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸಿ" ಎಂದ ಎರ್ಮೆಕ್.

"ಹೆಸರಿರಲಿ, ನೀನು ನಿಧಾನ ಹೋಗಪ್ಪ."

"ನಿಧಾನವಾಗೂ ಹೋಗಬೇಕು, ಬೇಗನೂ ತಲುಪಬೇಕು. ನಮ್ಮತ್ತೆನೂ ಹೀಗೇ ಹೇಳೋದು."

ಅವನ ಕಾರು ಜಪಾನಿನಿಂದ ಬಂದ ಹಳೆಯ ಹೋಂಡಾ. ಸ್ಟಿಯರಿಂಗ್ ಬಲಗಡೆ. ನಮ್ಮ ರಸ್ತೆಯಲ್ಲಿ ಗಾಡಿಗಳು ಓಡುವುದೂ ಬಲಗಡೆಯೇ. ಹಾಗಾಗಿ ಮುಂದೆ ಒಂದು ಲಾರಿ ಇದ್ದರೆ ಎದುರಿನಿಂದ ಏನು ಬರುತ್ತಿದೆ ಎನ್ನುವುದು ಡ್ರೈವರಿಗೆ ಕಾಣುವುದಿಲ್ಲ, ಎಡಗಡೆ ಕೂತವರಿಗೆ ಕಾಣುತ್ತದೆ. ಇಂಥ ಕಾರಿನಲ್ಲಿ ಮುಂದೆ ಕೂತವರಿಗೆ ಮಲಗುವ ಹಕ್ಕಿಲ್ಲ. "ಖಾಲಿ ಇದೆಯಾ?" ಎಂದು ಅವನು ಕೇಳುತ್ತಾನೆ. "ಖಾಲಿ" ಅಥವಾ "ತಡಿ" ಎಂದು ನಾವು ಹೇಳಬೇಕು. ನಲವತ್ತು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದ ನಾನು ಅವತ್ತು ಬೆಳಗಿನಿಂದ ಆ ಎರಡೇ ಮಾತು ಹೇಳುತ್ತಾ ಕೂತಿದ್ದೆ.

ರಸ್ತೆಯೇನೋ ಒಳ್ಳೆಯದೇ. ತೊಂದರೆ ಇರುವುದು ಊರುಗಳಲ್ಲಿ. ಸರೋವರದ ದಂಡೆಗೆ ಮಣಿ ಪೋಣಿಸಿದ ಹಾಗೆ ಒಂದರ ಬಾಲಕ್ಕೆ ಇನ್ನೊಂದು ಊರು. ಪ್ರತಿ ಊರಿನ ಬಾಯಲ್ಲೂ ಅದರ ಹೆಸರಿನ ಬಿಳಿ ಬೋರ್ಡು, ಕೊನೆಯಲ್ಲಿ ಅದೇ ಹೆಸರಿಗೆ ಕೆಂಪು ಗೀಟು ಎಳೆದ ಇನ್ನೊಂದು ಬೋರ್ಡು. ಆ ಎರಡು ಬೋರ್ಡುಗಳ ನಡುವೆ ಅರವತ್ತಕ್ಕಿಂತ ಹೆಚ್ಚು ವೇಗದಲ್ಲಿ ಹೋದರೆ ದಂಡ. ಬೇಸಿಗೆಯಲ್ಲಿ ಈಜಲು ಬರುವ ಪೇಟೆಯ ಜನ ಗೊತ್ತಿಲ್ಲದೆ ಸಿಕ್ಕಿಬೀಳುತ್ತಾರೆ. ನಮ್ಮವರು ಗೊತ್ತಿದ್ದೂ ಸಿಕ್ಕಿಬೀಳುತ್ತಾರೆ.

ಎದುರಿಗೆ ಬಂದ ಒಂದು ವ್ಯಾನಿನವನು ಎರಡು ಸಲ ದೀಪ ಮಿಟುಕಿಸಿದ.

"ನೋಡಿದ್ರಾ ಪುಣ್ಯಾತ್ಮನ್ನ" ಎಂದು ಎರ್ಮೆಕ್ ಬ್ರೇಕ್ ಒತ್ತಿದ. "ಮುಂದೆ ಪೊಲೀಸಿನವರು ನಿಂತಿದಾರೆ ಅಂತ. ಅವನ್ಯಾರೋ ನಾನ್ಯಾರೋ. ಸ್ವಂತ ತಮ್ಮ ಆದ್ರೂ ಇಷ್ಟು ಮಾಡಲ್ಲ."

ನಾನು ಆ ವ್ಯಾನಿನವನಿಗೆ ಕೈಯೆತ್ತಿದೆ. ಅವನು ಆಗಲೇ ದಾಟಿ ಹೋಗಿದ್ದ. ಅವನ ದೀಪ ಹೇಳಿದಂತೆಯೇ ಮುಂದೆ ಪಾಪ್ಲರ್ ಮರಗಳ ಸಾಲಿನಲ್ಲಿ ಒಂದು ಪೊಲೀಸ್ ಕಾರು ಮೂತಿ ಮಾತ್ರ ಹೊರಗಿಟ್ಟು ನಿಂತಿತ್ತು. ಎರ್ಮೆಕ್ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿಕೊಂಡು ಅದನ್ನು ದಾಟಿದ.

ಹೀಗೆ ಊರಿಂದ ಊರಿಗೆ ತೆವಳುತ್ತಾ ಸಾರಿ-ಕಮಿಶ್ ತಲುಪಿದೆವು. ಊರು ಎಂದರೆ ಒಂದು ಶಾಲೆ, ಒಂದು ಮಸೀದಿ, ಒಂದು ಟಯರ್ ಅಂಗಡಿ. ಅದು ಮುಗಿದು, ಮನೆಗಳು ಮುಗಿದು, ಬೇಲಿಗಳೂ ಮುಗಿದು, ಎರಡೂ ಕಡೆ ಬರೀ ಹುಲ್ಲುಗಾವಲು ಬಂದರೂ ಗೀಟಿನ ಬೋರ್ಡು ಮಾತ್ರ ಕಾಣಲಿಲ್ಲ.

"ಊರು ಮುಗೀಲಿಲ್ವಾ ಇನ್ನೂ?" ಎಂದು ಕೇಳಿದೆ.

"ಜನಕ್ಕೆ ಮುಗೀತು, ಬೋರ್ಡಿಗೆ ಮುಗೀಲಿಲ್ಲ. ವರ್ಷಾ ವರ್ಷ ಆ ಬೋರ್ಡು ಒಂದಿಷ್ಟು ಮುಂದಕ್ಕೆ ನಡ್ಕೊಂಡು ಹೋಗತ್ತೆ ಟೀಚರಮ್ಮ. ಇಲ್ಲಿ ಮನೆ ಕಟ್ಟೋರಿಲ್ಲ, ಮಕ್ಕಳು ಹುಟ್ಟಲ್ಲ, ಊರು ಮಾತ್ರ ಬೆಳೀತಾನೇ ಇದೆ. ಇನ್ನೊಂದು ಸ್ವಲ್ಪ ದಿನ ಹೋದ್ರೆ ಚೀನಾ ಗಡಿಗೆ ಹೋಗಿ ಮುಟ್ಟುತ್ತೆ."

ಮುಂದೆ ಹುಲ್ಲು ಹೇರಿದ ಟ್ರಾಕ್ಟರೊಂದು ಕತ್ತೆಯ ನಡಿಗೆಯಲ್ಲಿ ಹೋಗುತ್ತಿತ್ತು. ಬಿಸಿಲು ಏರುತ್ತಿತ್ತು. ಜಿಪಾರ್ ಫೋನ್ ಮಾಡಿ ಎಲ್ಲಿದ್ದೀರಿ ಎಂದು ಕೇಳಿದಳು. ನಾನು ಹೇಳಿದಾಗ, "ಇನ್ನೂ ಅಲ್ಲೇನಾ?" ಎಂದಳು.

"ಖಾಲಿ ಇದೆಯಾ?" ಎಂದ ಎರ್ಮೆಕ್.

ನೇರ ರಸ್ತೆ, ಎದುರಿಗೆ ಒಂದು ನರಪಿಳ್ಳೆ ಇಲ್ಲ. "ಖಾಲಿ. ಹೋಗು" ಎಂದೆ.

ಅವನು ಟ್ರಾಕ್ಟರನ್ನು ದಾಟಿ ಚೆನ್ನಾಗಿಯೇ ಓಡಿಸಿದ. ದೂರದಲ್ಲಿ ಒಬ್ಬಳು ಹೆಂಗಸು ದೊಡ್ಡ ಛತ್ರಿಯ ಕೆಳಗೆ ಬಕೆಟ್ಟುಗಳಲ್ಲಿ ಜರ್ದಾಳು ಇಟ್ಟುಕೊಂಡು ಕೂತಿದ್ದಳು. ಹತ್ತಿರ ಹೋದಾಗ ಬಕೆಟ್ಟುಗಳ ನಡುವೆ ಮೂರು ಕಾಲಿನ ಮೇಲೆ ನಿಂತ, ವೇಗ ಅಳೆಯುವ ಕ್ಯಾಮೆರಾ ಕಂಡಿತು. ಛತ್ರಿಯ ಹಿಂದಿನಿಂದ ಒಬ್ಬ ಪೊಲೀಸಿನವನು ಬಾಯಿ ಒರೆಸಿಕೊಳ್ಳುತ್ತಾ ಎದ್ದು ಬಂದು ಪಟ್ಟೆಪಟ್ಟೆ ಕೋಲು ತೋರಿಸಿದ.

"ಹಣ್ಣಿನ ಬಕೆಟ್ಟಲ್ಲಿ" ಎಂದು ಎರ್ಮೆಕ್ ಹಲ್ಲು ಕಡಿದ. "ಹಣ್ಣಿನ ಬಕೆಟ್ಟಲ್ಲಿ ಇಟ್ಟಿದಾನೆ."

ಕಾರು ನಿಲ್ಲಿಸುವಾಗ ಅವನ ಕೈ ತಾನಾಗಿ ನನ್ನ ಮುಂದಿದ್ದ ಡ್ಯಾಶ್‌ಬೋರ್ಡಿನ ಡಬ್ಬಿಗೆ ಹೋಯಿತು. ಅದರಿಂದ ಒಂದು ಕಪ್ಪು ನಡುಪಟ್ಟಿ ತೆಗೆದು ಸೊಂಟಕ್ಕೆ ಬಿಗಿದುಕೊಳ್ಳತೊಡಗಿದ. ಸಾವಿನ ಮನೆಗೆ ಹೋಗುವ ಗಂಡಸರು ನಮ್ಮಲ್ಲಿ ಹಾಗೆ ನಡು ಕಟ್ಟುತ್ತಾರೆ. ಪಟ್ಟಿಯ ಗಂಟು ಮಾಸಿ ಮಿರುಗುತ್ತಿದ್ದುದನ್ನು ನೋಡಿ ನನಗೆ ಅನುಮಾನ ಬಂತು.

"ಇದನ್ನ ಯಾವಾಗಲೂ ಇಲ್ಲೇ ಇಟ್ಟಿರ್ತೀಯಾ?"

ಅಷ್ಟರಲ್ಲಿ ಪೊಲೀಸಿನವನು ಕಿಟಕಿಗೆ ಬಂದಿದ್ದ. ಮೂವತ್ತರ ಆಸುಪಾಸಿನವನು, ಬಿಸಿಲಿಗೆ ಮೂಗಿನ ತುದಿ ಸುಲಿದುಹೋಗಿತ್ತು. ಎದೆಯ ಮೇಲೆ ಕಾದಿರಾಲಿ ಎಂದು ಹೆಸರಿತ್ತು. ಅವನು ಮೊದಲು ನಡುಪಟ್ಟಿ ನೋಡಿದ, ಆಮೇಲೆ ಎರ್ಮೆಕ್‌ನ ಮುಖ ನೋಡಿದ. ಹಬ್ಬದ ದಿನ ನೆಂಟರನ್ನು ಕಂಡಷ್ಟು ಸಂತೋಷ ಅವನ ಮುಖದಲ್ಲಿ.

"ಬಾರಪ್ಪ ಎರ್ಮೆಕ್. ಯಾರು ಹೋದ್ರು ಇವತ್ತು?"

"ಸಾಹೇಬ್ರೇ, ಈ ಸಲ ನಿಜ..."

"ಅತ್ತೇನಾ?"

"ಅಲ್ಲ, ಇವರ ಅಕ್ಕ..."

"ಯಾಕೆ, ಅತ್ತೆ ಹೇಗಿದಾರೆ? ವಸಂತದಲ್ಲಿ ಹೂತಿದ್ದೆಯಲ್ಲ. ಅದಕ್ಕೆ ಮುಂಚೆ ಹಿಮ ಬಿದ್ದಾಗ ಒಂದ್ಸಲ ಹೂತಿದ್ದೆ. ಹೋದ ವಾರ ಅವರ ಹತ್ರಾನೇ ಹೊಗೆ ಹಾಕಿದ ಮೀನು ತಗೊಂಡೆ ನಾನು. ಗಟ್ಟಿಮುಟ್ಟಾಗಿದ್ರು. ಚೌಕಾಶಿ ಮಾಡಿದ್ದಕ್ಕೆ ಬೈದ್ರು."

ಎರ್ಮೆಕ್‌ನ ಕಿವಿ ಕೆಂಪಾಯಿತು. ನಾನು ಬಗ್ಗಿ ಮಾತಾಡಿದೆ. "ಮಗಾ, ಅವನ ವಿಷಯ ನನಗೆ ಗೊತ್ತಿಲ್ಲ. ಇವತ್ತು ಹೋಗಿರೋದು ನನ್ನ ಒಡಹುಟ್ಟಿದ ಅಕ್ಕ. ಮಧ್ಯಾಹ್ನದ ನಮಾಜಿಗೆ ಎತ್ತುತಾರೆ. ತವರಿಂದ ಹೋಗೋಳು ನಾನೊಬ್ಬಳೇ."

ಅವನು ಮರ್ಯಾದೆಯಿಂದಲೇ ತಲೆಯಾಡಿಸಿದ. "ನಿಮಗೆ ನೂರು ವರ್ಷ ಆಯಸ್ಸಿರಲಿ ಅಜ್ಜಿ. ಹೋದ ಸಲ ಇವನು ಕರ್ಕೊಂಡು ಬಂದಿದ್ದ ಅಜ್ಜಿನೂ ಹೀಗೇ ಹೇಳಿದ್ರು. ಅತ್ತೂ ತೋರಿಸಿದ್ರು ಪಾಪ. ಆಮೇಲೆ ನೋಡಿದ್ರೆ ಅವರು ಹಲ್ಲಿನ ಡಾಕ್ಟರ ಹತ್ರ ಹೊರಟಿದ್ದರಂತೆ."

"ಫೋನ್ ಮಾಡಿ ಕೇಳಿಸ್ತೀನಿ ಇರಿ" ಎಂದು ಎರ್ಮೆಕ್ ನನ್ನ ಫೋನ್ ಕಿತ್ತುಕೊಂಡು ಜಿಪಾರ್‌ಗೆ ಕರೆ ಮಾಡಿ ಪೊಲೀಸಿನವನ ಕಿವಿಯ ಹತ್ತಿರ ಹಿಡಿದ. ಡೇರೆಯೊಳಗೆ ಹೆಂಗಸರು ಹಾಡಿ ಅಳುತ್ತಿರುವುದು ನನಗೂ ಕೇಳಿಸಿತು. ಅಕ್ಕನ ಹೆಸರು ಹಿಡಿದು ಅಳುತ್ತಿದ್ದರು.

ಕಾದಿರಾಲಿ ಮಾತ್ರ ಹಳೆಯ ಹಾಡು ಕೇಳುವವನ ಹಾಗೆ ಕಣ್ಣು ಕಿರಿದು ಮಾಡಿದ. "ಆ ರೆಕಾರ್ಡಿಂಗಾ? ಚಳಿಗಾಲದಲ್ಲೂ ಇದನ್ನೇ ಹಾಕಿದ್ದೆ. ಮಧ್ಯದಲ್ಲೊಂದು ನಾಯಿ ಬೊಗಳುತ್ತೆ, ತಾಳು, ಈಗ ಬರುತ್ತೆ."

ಆ ಅಂಗಳದಲ್ಲಿದ್ದ ಯಾವುದೋ ದರಿದ್ರ ನಾಯಿ ಸರಿಯಾಗಿ ಆಗಲೇ ಬೊಗಳಿತು.

"ಬಂತು" ಎಂದ ಕಾದಿರಾಲಿ.

ನಾನು ಕಾರಿನ ಡಬ್ಬಿಯ ಮೇಲೆ ಹಣೆ ಇಟ್ಟೆ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎರ್ಮೆಕ್ ಫೋನನ್ನು ನನ್ನ ಮಡಿಲಿಗೆ ಹಾಕಿ, "ಬರೀರಿ ಸಾಹೇಬ್ರೇ. ದಂಡ ಬರೀರಿ. ಎರಡು ಬರೀರಿ. ಬರೆದು ಬಿಟ್ಟುಬಿಡಿ" ಎಂದ.

ಆದರೆ ಫೋನಿಗೆ ಸಿಕ್ಕ ನೆಟ್‌ವರ್ಕ್ ದಂಡ ಬರೆಯುವ ಯಂತ್ರಕ್ಕೆ ಸಿಗಲಿಲ್ಲ. ಕಾದಿರಾಲಿ ಅದನ್ನು ತಲೆಯ ಮೇಲೆ ಎತ್ತಿ ಹಿಡಿದ, ಸರೋವರದ ಕಡೆ ತಿರುಗಿಸಿದ, ಬೆಟ್ಟದ ಕಡೆ ತಿರುಗಿಸಿದ. ಹಣ್ಣಿನವಳು, "ಛತ್ರಿ ಮೇಲೆ ಇಟ್ನೋಡು, ನಿನ್ನೆ ಅಲ್ಲಿ ಬಂದಿತ್ತು" ಎಂದಳು. ಅಲ್ಲೂ ಬರಲಿಲ್ಲ. ನಾವು ಆ ಬಿಸಿಲಿನಲ್ಲಿ, ದಂಡ ಕಟ್ಟುತ್ತೇವೆ ಎಂದರೂ ದಂಡ ಸಿಗದೆ ಕೂತಿದ್ದೆವು.

ಕೊನೆಗೆ ಅವನು ಎರ್ಮೆಕ್‌ನ ಲೈಸೆನ್ಸನ್ನು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. "ಹೋಗಿ ಬಾ. ಸಂಜೆ ಅಷ್ಟೊತ್ತಿಗೆ ನೆಟ್‌ವರ್ಕ್ ಬಂದಿರತ್ತೆ. ದಂಡ ತಗೊಂಡು ಲೈಸೆನ್ಸ್ ತಗೊಂಡು ಹೋಗು."

"ಲೈಸೆನ್ಸ್ ಇಟ್ಕೊಂಡಿದೀನಿ ಅಂತ ಒಂದು ಚೀಟಿನಾದ್ರೂ ಕೊಡಿ."

"ಚೀಟಿ ಮುಗಿದಿದೆ."

ಅಲ್ಲಿಂದ ಹೊರಟ ಮೇಲೆ ಎರ್ಮೆಕ್ ಮುಳ್ಳನ್ನು ಅರವತ್ತರ ಮೇಲೆ ಏರಲು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಗೀಟಿನ ಬೋರ್ಡು ಬಂತು. ಅದರ ಮೇಲೆ ಒಂದು ಕಾಗೆ ಕೂತಿತ್ತು.

"ಎಷ್ಟು ಸಲ ಕೊಂದೆ ಅತ್ತೇನ?" ಎಂದು ಕೇಳಿದೆ.

"ಎಲ್ಲರೂ ಕೊಲ್ತಾರೆ ಟೀಚರಮ್ಮ. ಈ ರಸ್ತೇಲಿ ಹೋಗೋ ಡ್ರೈವರುಗಳ ಅತ್ತೆಯಂದಿರೆಲ್ಲ ನಿಜವಾಗಿ ಸತ್ತಿದ್ರೆ ಸ್ಮಶಾನ ಸಾಲ್ತಿರಲಿಲ್ಲ. ಸಾವು ಅಂದ್ರೆ ಬಿಟ್ಬಿಡ್ತಾರೆ. ಬಿಡ್ತಿದ್ರು." ಕನ್ನಡಿ ಸರಿಮಾಡಿ, "ನನ್ನ ತಪ್ಪಿಗೆ ನೀವು ಸಿಕ್ಕಿದ್ರಿ" ಎಂದ.

ಬೈಯಬೇಕೆಂದುಕೊಂಡಿದ್ದೆ. ಅವನು ಹಾಗೆ ಹೇಳಿದ ಮೇಲೆ ಬೈಯಲು ಏನೂ ಉಳಿಯಲಿಲ್ಲ.

ಮುಂದಿನ ಊರು ತೋರ್ಗೋಯ್. ಈ ಸಲ ಎರ್ಮೆಕ್ ಸ್ವಲ್ಪವೂ ಅಪಾಯ ಒಪ್ಪಲಿಲ್ಲ. ಬೋರ್ಡು ಕಾಣುವ ಮೊದಲೇ ವೇಗ ಇಳಿಸಿದ. ಊರೊಳಗೆ ಬಂದಾಗ ಸೈಕಲ್ ಮೇಲೆ ಹೋಗುತ್ತಿದ್ದ ಮುದುಕನೊಬ್ಬ ನಮ್ಮನ್ನು ದಾಟಿ, ತಿರುಗಿ ನೋಡಿ ಹೋದ. ಅಷ್ಟಾದರೂ ಕೂಡುರಸ್ತೆಯಲ್ಲಿ ಒಬ್ಬ ದಪ್ಪ ಪೊಲೀಸಿನವನು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿ ಕೋಲು ತೋರಿಸಿದ.

"ನಾನೇನು ಮಾಡಿದೆ?" ಎಂದ ಎರ್ಮೆಕ್. "ಇರುವೆ ಹಾಗೆ ಬರ್ತಿದ್ದೆ."

"ಅದೇ ಮತ್ತೆ. ಇಷ್ಟು ನಿಧಾನ ಹೋಗ್ತೀಯ ಅಂದ್ರೆ ಏನೋ ಇದೆ. ಲೈಸೆನ್ಸ್ ತೆಗಿ."

"ಸಾರಿ-ಕಮಿಶ್‌ನಲ್ಲಿದೆ."

"ನೀನಿಲ್ಲಿ, ಲೈಸೆನ್ಸ್ ಅಲ್ಲಿ."

"ಅವರೇ ಇಟ್ಕೊಂಡ್ರು."

"ಚೀಟಿ ಕೊಟ್ರಾ?"

"ಚೀಟಿ ಮುಗಿದಿದೆಯಂತೆ."

"ನಮ್ಮಲ್ಲಿ ಮುಗಿಯಲ್ಲ" ಎಂದು ಅವನು ಹೆಮ್ಮೆಯಿಂದ ಹೇಳಿದ. "ಲೈಸೆನ್ಸ್ ಇಲ್ದೆ ಗಾಡಿ ಓಡಿಸೋ ಹಾಗಿಲ್ಲ. ಕಾರು ನಮ್ಮ ಅಂಗಳದಲ್ಲಿ ನಿಲ್ಲಲಿ. ನೀನು ಹೋಗಿ ಲೈಸೆನ್ಸ್ ತಗೊಂಡು ಬಾ."

"ಹೇಗೆ ಹೋಗ್ಲಿ? ಕಾರು ನಿಮ್ಮ ಅಂಗಳದಲ್ಲಿರತ್ತಲ್ಲ."

"ಅದು ನಿನಗೆ ಬಿಟ್ಟಿದ್ದು."

ನಾನು ಬಾಗಿಲು ತೆರೆದು ಇಳಿದೆ. ಆ ಪೊಲೀಸಿನವನ ಮುಂದೆ ನಿಂತು, "ಮಗಾ, ನಿನಗೆ ಅಕ್ಕ ಇದಾಳಾ?" ಎಂದು ಕೇಳಿದೆ.

"ಇದಾಳೆ ಅಜ್ಜಿ. ಅದಕ್ಕೂ ಲೈಸೆನ್ಸಿಗೂ ಏನು ಸಂಬಂಧ?"

ಸಂಬಂಧ ಇರಲಿಲ್ಲ, ನಿಜ. ನಾನು ರಸ್ತೆಯ ಅಂಚಿಗೆ ಹೋಗಿ ಹಾಯುವ ಗಾಡಿಗಳಿಗೆ ಕೈ ತೋರಿಸತೊಡಗಿದೆ. ಎಲ್ಲ ಪೇಟೆಯ ಕಾರುಗಳು, ಒಳಗೆ ಗಾಳಿ ತುಂಬಿದ ರಬ್ಬರ್ ಬಾತುಕೋಳಿಗಳು, ಮಕ್ಕಳು, ಅಂಗಿ ಬಿಚ್ಚಿದ ಗಂಡಸರು. ಒಂದು ಕಾರು ನಿಧಾನಿಸಿತು. ಒಳಗೆ ಜಾಗವಿಲ್ಲವೆಂದು ಅದರಲ್ಲಿದ್ದ ಹೆಂಗಸೊಬ್ಬಳು ಎದೆಯ ಮೇಲೆ ಕೈಯಿಟ್ಟು ಕ್ಷಮೆ ಕೇಳಿ, ಕಿಟಕಿಯಿಂದ ಒಂದು ಬಾಟಲಿ ತಣ್ಣನೆಯ ನೀರು ಕೊಟ್ಟು ಹೋದಳು. ಕರಬೂಜ ಮಾರುವವನೊಬ್ಬ ತನ್ನ ಸ್ಟೂಲು ತಂದು ನನ್ನ ಹಿಂದೆ ಇಟ್ಟು ಸುಮ್ಮನೆ ಹೋದ. ನಾನು ಕೂರಲಿಲ್ಲ. ಕೂತರೆ ಗಾಡಿಗಳಿಗೆ ಕಾಣುವುದಿಲ್ಲ.

ಜಿಪಾರ್ ಫೋನ್ ಮಾಡಿದಳು. "ಚಿಕ್ಕಮ್ಮಾ, ಗಂಡಸರು ಕೈಕಾಲು ತೊಳೀತಿದಾರೆ."

"ದಾರೀಲಿ ಪೊಲೀಸಿನವರು ಹಿಡ್ಕೊಂಡಿದಾರೆ ಕಣೇ. ಸ್ವಲ್ಪ ತಡೆಯೋಕೆ ಹೇಳು."

"ಎಷ್ಟು ಸ್ವಲ್ಪ?"

ಬರ್ತಿದೀನಿ ಎಂದಷ್ಟೇ ಹೇಳಿ ಫೋನ್ ಇಟ್ಟೆ. ಅಕ್ಕನ ಮುಖ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಕೋಪಕ್ಕೋ ಬಿಸಿಲಿಗೋ, ಬರಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಹಿಂದೆ ಎರ್ಮೆಕ್ ಮತ್ತು ದಪ್ಪ ಪೊಲೀಸಿನವನು ಕಾರಿನ ಕೀಲಿಗಾಗಿ ವಾದಿಸುತ್ತಿದ್ದರು. ಅಷ್ಟರಲ್ಲಿ ಸಾರಿ-ಕಮಿಶ್ ಕಡೆಯಿಂದ ನೀಲಿ ದೀಪ ಹಾಕಿಕೊಂಡು ಒಂದು ಪೊಲೀಸ್ ಕಾರು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಕಾದಿರಾಲಿ ಇಳಿದ. ತಲೆಯ ಮೇಲೆ ಟೋಪಿ ಇರಲಿಲ್ಲ. ನೇರವಾಗಿ ಎರ್ಮೆಕ್ ಹತ್ತಿರ ಹೋಗಿ ಲೈಸೆನ್ಸನ್ನು ಅವನ ಕೈಗೆ ಇಟ್ಟ.

"ಬಿಡು ಇವನನ್ನ" ಎಂದ ದಪ್ಪನೆಯವನಿಗೆ.

"ಇದು ನಿನ್ನ ಊರಲ್ಲ. ನಿನ್ನ ಬೋರ್ಡು ಇಲ್ಲೀವರೆಗೂ ಇನ್ನೂ ಬಂದಿಲ್ಲ."

"ಲೈಸೆನ್ಸ್ ಕೇಳ್ದೆಯಲ್ಲ, ಕೈಯಲ್ಲಿದೆ ನೋಡು. ಇನ್ನೇನು ಬೇಕು ನಿನಗೆ?"

ದಪ್ಪನೆಯವನು ಲೈಸೆನ್ಸ್ ತಿರುಗಿಸಿ ನೋಡಿದ. ಇನ್ನೇನೂ ಬೇಕಾಗಿರಲಿಲ್ಲ. ಅವನಿಗೆ ಅದರಿಂದ ಬೇಸರವಾದ ಹಾಗೆ ಕಂಡಿತು.

ಕಾದಿರಾಲಿ ನನ್ನ ಹತ್ತಿರ ಬಂದು, ನನ್ನ ಮುಖ ನೋಡದೆ ಸ್ಟೂಲಿನ ಕಾಲು ನೋಡುತ್ತಾ ಮಾತಾಡಿದ. "ಸರೋವರದ ಆ ತುದೀಲಿ ನಮ್ಮ ದೊಡ್ಡಮ್ಮ ಇದಾರೆ ಅಜ್ಜಿ. ಇವನ ಸುಳ್ಳು ಸಾಕ್ಷಿ ಸಮೇತ ಹಿಡೀಬೇಕು ಅಂತ ಅವರಿಗೆ ಫೋನ್ ಮಾಡ್ದೆ. ಅಲ್ಲೆಲ್ಲಾದ್ರೂ ಸಾವಿನ ಡೇರೆ ಹಾಕಿದಾರಾ ಅಂತ ಕೇಳ್ದೆ. ಹಾಕಿದಾರೆ, ಅನಾರ್ಕುಲ್ ಹೋದ್ಲು, ತವರಿಂದ ತಂಗಿ ಬರಬೇಕು, ಯಾವನೋ ಪೊಲೀಸಿನವನು ದಾರೀಲಿ ಹಿಡ್ಕೊಂಡಿದಾನಂತೆ, ಅವನ ಕೈ ಸೇದಿಹೋಗ ಅಂತ ಅಂಗಳದಲ್ಲಿರೋರೆಲ್ಲ ಶಾಪ ಹಾಕ್ತಿದಾರೆ ಅಂದ್ರು. ನಾನೇ ಅವನು ಅಂತ ಹೇಳಕ್ಕಾಗ್ಲಿಲ್ಲ."

"ಹೇಳಬೇಡ" ಎಂದೆ. "ಈಗ ಹೋಗೋಣ."

ಅವನು ಮುಂದೆ, ನಾವು ಹಿಂದೆ. ನೀಲಿ ದೀಪದ ಹಿಂದೆ ಹಾರಿಕೊಂಡು ಹೋಗುತ್ತೇವೆ ಎಂದುಕೊಂಡಿದ್ದೆ. ಆದರೆ ತೋರ್ಗೋಯ್ ಊರೊಳಗೆ ಕಾದಿರಾಲಿ ಅರವತ್ತಕ್ಕಿಂತ ಒಂದು ಕೂದಲಷ್ಟೂ ಹೆಚ್ಚು ಹೋಗಲಿಲ್ಲ.

"ಏನ್ ಮಾಡ್ತಿದಾನೆ ಈ ಮಹಾರಾಯ" ಎಂದು ಎರ್ಮೆಕ್ ಸ್ಟಿಯರಿಂಗಿಗೆ ಗುದ್ದಿದ. "ದೀಪ ಹಾಕ್ಕೊಂಡು ಮೆರವಣಿಗೆ ಹೋಗ್ತಿದಾನೆ."

ಒಂದು ಕಂಬದ ತುದಿಯಲ್ಲಿ ಕ್ಯಾಮೆರಾ ಕಂಡಿತು. ಆ ಕ್ಯಾಮೆರಾಕ್ಕೆ ಪೊಲೀಸಿನವನೆಂಬ ಭೇದವಿಲ್ಲ ಎಂದು ಎರ್ಮೆಕ್ ಗೊಣಗಿದ. ಕಂಬ ದಾಟಿದೊಡನೆ ಕಾದಿರಾಲಿ ಸರಕ್ಕನೆ ಎಡಕ್ಕೆ, ಎರಡು ಜರ್ದಾಳು ತೋಟಗಳ ನಡುವಿನ ಮಣ್ಣು ದಾರಿಗೆ ತಿರುಗಿದ. ಅಲ್ಲಿ ಅವನು ಓಡಿಸಿದ್ದನ್ನು ಓಡಿಸುವುದು ಎನ್ನಬೇಕು. ಕೊಂಬೆಗಳು ಕಾರಿಗೆ ಬಡಿದವು, ಹಣ್ಣುಗಳು ಗಾಜಿನ ಮೇಲೆ ಪಚಕ್ಕೆಂದವು, ನನ್ನ ತಲೆ ಚಾವಣಿಗೆ ತಾಗಿತು. ಬೋರ್ಡಿಲ್ಲ, ಕ್ಯಾಮೆರಾ ಇಲ್ಲ, ಊರೇ ಇಲ್ಲ. ದಾರಿ ಮುಂದಿನ ಊರನ್ನೂ ಬಳಸಿಕೊಂಡು ಹೋಗಿ ಮತ್ತೆ ರಸ್ತೆಗೆ ಸೇರಿತು.

ಎರ್ಮೆಕ್ ಬಾಯಿ ತೆರೆದಿದ್ದ. "ಹತ್ತೊಂಬತ್ತು ವರ್ಷದಿಂದ ಈ ರಸ್ತೇಲಿ ಹೋಗ್ತಿದೀನಿ. ಇಂಥ ದಾರಿ ಇದೆ ಅಂತ ಒಬ್ಬನೂ ಹೇಳಲಿಲ್ಲ. ಅವರಿಗೆ ಮಾತ್ರ ಗೊತ್ತು ಇದು. ಅವರಿಗೆ ಮಾತ್ರ."

ಅಕ್ಕನ ಹಳ್ಳಿಯ ತುದಿಯಲ್ಲಿ ಕಾದಿರಾಲಿ ಕಾರು ನಿಲ್ಲಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ ಮುಂದೆ ಹೋಗಿ ಎಂದು ಸನ್ನೆ ಮಾಡಿದ. ಒಳಗೆ ಬಾ ಎಂದು ಎರ್ಮೆಕ್ ಕೂಗಿ ಕರೆದ. ಕ್ಯಾಮೆರಾವನ್ನು ಹಣ್ಣಿನವಳ ಸುಪರ್ದಿಗೆ ಬಿಟ್ಟು ಬಂದಿದ್ದೇನೆ, ಅದು ಹೋದರೆ ನನ್ನ ಕೆಲಸವೂ ಹೋಗುತ್ತದೆ ಎಂದು ಹೇಳಿ, ಅವನು ಅಲ್ಲಿಂದಲೇ ಕಾರು ತಿರುಗಿಸಿದ.

ಅಂಗಳದಲ್ಲಿ ಗಂಡಸರು ಸಾಲಾಗಿ ನಿಂತಾಗಿತ್ತು. ಹೊರುವ ಮರದ ಚಟ್ಟ ಡೇರೆಯ ಬಾಗಿಲಿಗೆ ಬಂದಾಗಿತ್ತು. ಎರ್ಮೆಕ್ ಇಳಿದವನು ಆ ಮಾಸಿದ ಪಟ್ಟಿಯನ್ನು ಬಿಗಿ ಮಾಡಿಕೊಂಡು, ತವರಿನ ಗಂಡಸು ಹೇಗೆ ಬರಬೇಕೋ ಹಾಗೆ ದೊಡ್ಡ ದನಿ ತೆಗೆದು ಅಳುತ್ತಾ ಡೇರೆಯ ಕಡೆ ಓಡಿದ. ತವರಿನಿಂದ ಬೇರೆ ಗಂಡಸು ಇಲ್ಲವೆಂದು ಅವನಿಗೆ ಗೊತ್ತಿತ್ತು. "ಅಕ್ಕಾ, ನನ್ನಕ್ಕಾ" ಎಂದು ಅವನು ಕೂಗಿದ್ದು ಕೇಳಿ ಇಬ್ಬರು ಬಂದು ಅವನ ತೋಳು ಹಿಡಿದುಕೊಂಡರು. ಅವನು ಅಕ್ಕನನ್ನು ಒಂದು ಸಲವೂ ನೋಡಿರಲಿಲ್ಲ.

ಜಿಪಾರ್ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಮುಖದ ಬಟ್ಟೆ ಸರಿಸಿದಳು. ಅದೇ ಅಗಲ ಹಣೆ, ಅದೇ ಎಡ ಹುಬ್ಬಿನ ಕೊನೆಯ ಗಾಯದ ಗುರುತು. ರಸ್ತೆಯ ಬದಿಯಲ್ಲಿ ನೆನಪಿಗೆ ಬಾರದೆ ಹೋದ ಮುಖ. ಸಾಯುವಾಗ ನೋವಾದ ಹಾಗೆ ಕಾಣಲಿಲ್ಲ. ಹಾಡಿ ಅಳಬೇಕಾದವಳು ನಾನು, ಹಾಡು ಎತ್ತಲಿಲ್ಲ. ಅವಳ ಹಣೆಯ ಮೇಲೆ ಕೈಯಿಟ್ಟು ಕೂತೆ. ಹೊರಗೆ ಮುಲ್ಲಾ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು, ಆಮೇಲೆ ಅವರೇ ಯಾರಿಗೋ, "ಇರಲಿ, ದೂರದಿಂದ ಬಂದಿದಾರೆ" ಎಂದದ್ದೂ ಕೇಳಿಸಿತು. ನನಗೆ ಬೇಕಾದಷ್ಟು ಹೊತ್ತು ಕೊಟ್ಟರು. ಆಮೇಲೆ ಎತ್ತಿದರು.

ಸಂಜೆ ಹೊರಡುವಾಗ ಜಿಪಾರ್ ಸಾವಿನ ಮನೆಯ ಪದ್ಧತಿಯಂತೆ ನಮಗೆ ಊಟ ಕಟ್ಟಿಕೊಟ್ಟಳು. ಬೇಯಿಸಿದ ಮಾಂಸ, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳಾದ ಬೋರ್ಸೋಕ್, ಒಂದಿಷ್ಟು ಒಣದ್ರಾಕ್ಷಿ. ನನಗೊಂದು ಗಂಟು, ಎರ್ಮೆಕ್‌ನ ಮನೆಗೊಂದು ಗಂಟು. ಅವಳು ಮೂರನೆಯದನ್ನೂ ಕಟ್ಟುತ್ತಿದ್ದಾಗ, ಯಾರಿಗೆ ಎಂದು ನಾನು ಕೇಳಲಿಲ್ಲ. ಎರ್ಮೆಕ್ ಅವಳ ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದುದನ್ನು ನೋಡಿದ್ದೆ.

ದಾರಿಯುದ್ದಕ್ಕೂ ಅವನು ಬೈಯುತ್ತಲೇ ಬಂದ. ಬೋರ್ಡನ್ನು ಬೈದ, ಬಕೆಟ್ಟನ್ನು ಬೈದ, ನೆಟ್‌ವರ್ಕನ್ನು ಬೈದ, ದಪ್ಪನೆಯವನ ಸೂರ್ಯಕಾಂತಿ ಬೀಜವನ್ನು ಬೈದ. ಇನ್ನು ಸಾವು ಎಂದರೆ ಯಾರೂ ನಂಬುವುದಿಲ್ಲ, ಮದುವೆ ಎಂದು ಹೇಳಬೇಕಷ್ಟೆ ಎಂದ. ತೋಟದ ನಡುವಿನ ಆ ಮಣ್ಣು ದಾರಿ ಬಂದಾಗ ಕಾರು ನಿಧಾನ ಮಾಡಿ ಅದರ ಬಾಯನ್ನು ಚೆನ್ನಾಗಿ ನೋಡಿಕೊಂಡ.

ಸಾರಿ-ಕಮಿಶ್‌ನ ಹುಲ್ಲುಗಾವಲಿನ ಹತ್ತಿರ ಬಿಸಿಲು ತಗ್ಗಿತ್ತು. ಹಣ್ಣಿನವಳು ಬಕೆಟ್ಟುಗಳನ್ನು ಒಂದರೊಳಗೊಂದು ಇಟ್ಟುಕೊಂಡು ಮನೆಗೆ ಹೋಗಿದ್ದಳು. ಕಾದಿರಾಲಿ ಒಬ್ಬನೇ ರಸ್ತೆಯಂಚಿನ ಕಲ್ಲಿನ ಮೇಲೆ, ಕ್ಯಾಮೆರಾದ ಪಕ್ಕ ಕೂತಿದ್ದ. ನಮ್ಮನ್ನು ಕಂಡು ಕೋಲು ಎತ್ತಲಿಲ್ಲ. ಎರ್ಮೆಕ್ ತಾನಾಗಿಯೇ ಕಾರು ಬದಿಗೆ ತೆಗೆದು ನಿಲ್ಲಿಸಿದ.

"ನೆಟ್‌ವರ್ಕ್ ಬಂತಾ?" ಎಂದು ಇಳಿಯುತ್ತಾ ಕೇಳಿದ.

"ಬಂತು. ಬರೆದೆ."

"ಎರಡೂ?"

"ಒಂದೇ. ಟ್ರಾಕ್ಟರ್ ದಾಟಿ ಜೋರಾಗಿ ಬಂದಿದ್ದು. ಕ್ಯಾಮೆರಾದಲ್ಲಿ ಬಿದ್ದಿದೆ ಎರ್ಮೆಕ್, ಅದನ್ನ ಅಳಿಸೋಕೆ ನನ್ನಿಂದ ಆಗಲ್ಲ."

ಎರ್ಮೆಕ್ ಏನೋ ಗೊಣಗಿದ, ಬೈಗುಳವೇ ಇರಬೇಕು. ಹಿಂದಿನ ಬಾಗಿಲು ತೆರೆದು ಆ ಮೂರನೆಯ ಗಂಟು ತೆಗೆದುಕೊಂಡು ಅವನ ಹತ್ತಿರ ಹೋಗಿ ಮುಂದೆ ಹಿಡಿದ. ಕಾದಿರಾಲಿ ಅಭ್ಯಾಸ ಬಲದಿಂದ, ಯಾರಾದರೂ ನೋಡುತ್ತಾರೇನೋ ಎಂದು ಮೊದಲು ರಸ್ತೆಯ ಆ ಕಡೆ ನೋಡಿದ, ಆಮೇಲೆ ಈ ಕಡೆ ನೋಡಿದ. ಗಂಟಿನ ಬಾಯಲ್ಲಿ ಇಣುಕುತ್ತಿದ್ದ ಬೋರ್ಸೋಕ್ ಕಂಡ ಮೇಲೆ ಕೋಲನ್ನು ಕಲ್ಲಿನ ಮೇಲಿಟ್ಟು ಎದ್ದು ನಿಂತು, ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡೂ ಕೈಯಿಂದ ಅದನ್ನು ತೆಗೆದುಕೊಂಡ.